ಡಿಬಿಎಸ್ ಬ್ಯಾಟರಿ: ಮನೆಯಲ್ಲೇ ಚಾರ್ಜ್ ಮಾಡುವುದಾ, ಕೆಲವು ವರ್ಷಕ್ಕೊಮ್ಮೆ ಬದಲಿಸುವುದಾ?

ಸಂಜೆ ಏಳು ಗಂಟೆಗೆ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪುವುದಿಲ್ಲ. ಅಪ್ಪ ಅಂಗಿ ಬಿಚ್ಚಿಟ್ಟು ಬನಿಯನ್‌ನಲ್ಲಿ ಕುರ್ಚಿಗೆ ಒರಗಿ ಕೂರುತ್ತಾರೆ. ಬಲಗಡೆ ಕಾಲರ್ ಬೋನ್ ಕೆಳಗೆ ಬೆಂಕಿಪೊಟ್ಟಣ ಒಳಗಿಟ್ಟ ಹಾಗೆ ಒಂದು ಉಬ್ಬು ಇದೆ. ಅಮ್ಮ ಚಾರ್ಜರ್ ತಂದು, ಪಟ್ಟಿಯ ಜೇಬಿಗೆ ಸೇರಿಸಿ, ಅಪ್ಪನ ಕುತ್ತಿಗೆಗೆ ಹಾಕುತ್ತಾರೆ. ಅದು ಬೀಪ್ ಬೀಪ್ ಅನ್ನುತ್ತಲೇ ಇರುತ್ತದೆ. ಎರಡು ಬೆರಳಲ್ಲಿ ಉಬ್ಬಿನ ಅಂಚು ಹುಡುಕಿ ಸ್ವಲ್ಪ ಮೇಲೆ, ಸ್ವಲ್ಪ ಒಳಗೆ ಸರಿಸುತ್ತಾರೆ. ಸದ್ದು ನಿಲ್ಲುತ್ತದೆ. "ಸಿಕ್ತು ರೀ, ಅಲ್ಲಾಡ್ಬೇಡಿ" ಅಂತ ಹೇಳಿ ಅಡುಗೆಮನೆಗೆ ಹೋಗುತ್ತಾರೆ. ಇನ್ನು ಅರ್ಧ ಮುಕ್ಕಾಲು ಗಂಟೆ ಅಪ್ಪ ಮತ್ತು ಟಿವಿ ವಾರ್ತೆ.

ಅಪ್ಪನಿಗೆ ಪಾರ್ಕಿನ್ಸನ್ಸ್, ಅಂದರೆ ಕೈ ನಡುಗಿಸುವ, ಮೈ ಬಿಗಿಯುವಂತೆ ಮಾಡುವ ಮೆದುಳಿನ ಕಾಯಿಲೆ. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಚಿಮಟದಲ್ಲಿ ಸಣ್ಣ ಸಣ್ಣ ಚಕ್ರ ಹಿಡಿದು ಕೂರಿಸುತ್ತಿದ್ದ ಕೈ ಅದು. ಕೊನೆಕೊನೆಗೆ ಕಾಫಿ ಲೋಟ ಹಿಡಿಯಲಾರದಷ್ಟು ನಡುಗುತ್ತಿತ್ತು. ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್), ಅಂದರೆ ಬ್ಯಾಟರಿಯ ಯಂತ್ರದಿಂದ ಮೆದುಳಿಗೆ ಸಣ್ಣ ವಿದ್ಯುತ್ ಕಳಿಸುವ ಆಪರೇಷನ್, ಆದ ಮೇಲೆ ಲೋಟ ಮತ್ತೆ ಕೈಗೆ ಬಂತು. ಆಪರೇಷನ್ ಮಾಡಿಸಬೇಕೋ ಬೇಡವೋ ಅನ್ನುವುದನ್ನು ನಿಮ್ಮ ನ್ಯೂರಾಲಜಿಸ್ಟ್ ಜೊತೆ ಕೂತು ತೀರ್ಮಾನ ಮಾಡಬೇಕು. ನಾನು ಬರೆಯುತ್ತಿರುವುದು ಅದಾದ ಮೇಲಿನ ಪ್ರಶ್ನೆಯ ಬಗ್ಗೆ: ಯಾವ ಬ್ಯಾಟರಿ?

ನಮಗೆ ಈ ಪ್ರಶ್ನೆ ಬಂದಿದ್ದು ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ. ಕೈಗೆ ಒಂದು ಬಣ್ಣದ ಪುಸ್ತಿಕೆ ಕೊಟ್ಟು, ಸಂಜೆಯೊಳಗೆ ಹೇಳಿ ಅಂದರು. ಅದರಲ್ಲಿ "15 ವರ್ಷ" ಅಂತ ದೊಡ್ಡಕ್ಷರದಲ್ಲಿತ್ತು. ಚಾರ್ಜರ್ ಹೇಗಿರುತ್ತದೆ, ಎಷ್ಟು ಹೊತ್ತು ಹಾಕಿಕೊಳ್ಳಬೇಕು, ಯಾರು ಹಾಕಬೇಕು ಅಂತ ಒಬ್ಬರೂ ತೋರಿಸಲಿಲ್ಲ. ನಮ್ಮ ಆಯ್ಕೆ ಅಪ್ಪನಿಗೆ ಹೊಂದಿಕೊಂಡಿತು, ನಿಜ. ಆದರೆ ಅದು ಅದೃಷ್ಟ. ಆವತ್ತು ನಮಗೆ ಯಾರಾದರೂ ಇಷ್ಟು ಹೇಳಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು.

ಒಳಗೆ ಇರುವುದೇನು?

ಮೆದುಳಿನ ಒಳಗೆ ಬಹಳ ಸಣ್ಣ ಜಾಗಕ್ಕೆ ತೆಳು ತಂತಿ ಇಳಿಸುತ್ತಾರೆ. ಆ ತಂತಿ ಕಿವಿಯ ಹಿಂದಿನಿಂದ ಚರ್ಮದಡಿಯಲ್ಲೇ ಕುತ್ತಿಗೆ ದಾಟಿ ಎದೆಗೆ ಬರುತ್ತದೆ. ಅಲ್ಲಿ ಒಂದು ಪುಟ್ಟ ಡಬ್ಬಿ. ಹಗಲು ರಾತ್ರಿ ಸಣ್ಣ ವಿದ್ಯುತ್ ಮಿಡಿತ ಕಳಿಸುವುದು ಅದರ ಕೆಲಸ. ಪಾರ್ಕಿನ್ಸನ್ಸ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 130ರ ಆಸುಪಾಸು ಮಿಡಿತ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಾಬಿಡ್ ಅವರ ತಂಡ 1987ರಲ್ಲಿ ನಡುಕಕ್ಕೆ ಹೀಗೆ ಮಾಡಿ ತೋರಿಸಿದ ಮೇಲೆ ಇದು ಜಗತ್ತಿಗೆಲ್ಲ ಹರಡಿತು. ನಮ್ಮ ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ, ಕೆಲವು ಖಾಸಗಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ.

ಡಬ್ಬಿಯಲ್ಲಿ ಎರಡು ಜಾತಿ. ಮೊದಲನೆಯದು ಚಾರ್ಜ್ ಬೇಡದ್ದು. ಹಾಕಿಸಿಕೊಂಡು ಮರೆತುಬಿಡಬಹುದು. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಖಾಲಿಯಾಗುತ್ತಾ ಬಂದಾಗ ಎದೆಯ ಜಾಗ ಮತ್ತೆ ತೆರೆದು ಇಡೀ ಡಬ್ಬಿ ಬದಲಿಸಬೇಕು. ಮೆದುಳಿನ ತಂತಿಯನ್ನು ಮುಟ್ಟುವುದಿಲ್ಲ, ಮೊದಲ ಆಪರೇಷನ್ನಿಗೆ ಹೋಲಿಸಿದರೆ ಇದು ಚಿಕ್ಕದು. ಎರಡನೆಯದು ಚಾರ್ಜ್ ಆಗುವಂಥದ್ದು. ಹೊರಗಿನಿಂದ ಎದೆಯ ಮೇಲೆ ಚಾರ್ಜರಿನ ಕಾಯಿಲ್ (ಸುರುಳಿ ತಂತಿಯಿರುವ ಭಾಗ) ಇಟ್ಟರೆ, ತಂತಿಯಿಲ್ಲದೆ ಒಳಗಿನ ಬ್ಯಾಟರಿಗೆ ಚಾರ್ಜ್ ಹೋಗುತ್ತದೆ. ಈಗಿನ ಕೆಲವು ಮಾದರಿಗಳಿಗೆ ಕಂಪನಿಗಳು ಕನಿಷ್ಠ 15 ವರ್ಷ ಅನ್ನುತ್ತವೆ. ಚಾರ್ಜ್ ಆಗುವಾಗ ಯಂತ್ರ ನಿಲ್ಲುವುದಿಲ್ಲ, ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಆಗ ಎಲ್ಲಿ ನಿಂತುಬಿಡುತ್ತದೋ ಅನ್ನುವುದೇ ನಮ್ಮಮ್ಮನಿಗೆ ಮೊದಲು ಇದ್ದ ದೊಡ್ಡ ಭಯ.

ವರ್ಷದ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ್ದು

ನನಗೆ ಈಗ ಅನ್ನಿಸುವುದು ಒಂದೇ. ಮೂರು ವರ್ಷವೋ ಹದಿನೈದು ವರ್ಷವೋ ಅನ್ನುವುದು ಆಮೇಲಿನ ಮಾತು. ಚಾರ್ಜ್ ಹಾಕುವ ಕೈ ಯಾರದ್ದು, ಅದನ್ನು ಮೊದಲು ತೀರ್ಮಾನ ಮಾಡಿ. ಇವತ್ತು ಯಾರು, ಎಂಟು ವರ್ಷ ಕಳೆದ ಮೇಲೆ ಯಾರು?

ಪಾರ್ಕಿನ್ಸನ್ಸ್ ನಿಂತಲ್ಲೇ ನಿಲ್ಲುವ ಕಾಯಿಲೆ ಅಲ್ಲ. ಡಿಬಿಎಸ್ ನಡುಕ, ಬಿಗಿತ ತಗ್ಗಿಸುತ್ತದೆ, ಕಾಯಿಲೆ ಮುಂದುವರಿಯುವುದನ್ನು ತಡೆಯುವುದಿಲ್ಲ. ಕೆಲವರಿಗೆ ವರ್ಷ ಕಳೆದಂತೆ ಮರೆವು, ಗೊಂದಲ ಬರಬಹುದು. ಇವತ್ತು ಸಲೀಸಾಗಿ ಚಾರ್ಜರ್ ಹಾಕಿಕೊಳ್ಳುವವರಿಗೆ ನಾಳೆ ಅದು ಯಾಕೆ ಅಂತಲೇ ಮರೆಯಬಹುದು. ಆಗ ಆ ಕೆಲಸ ಮನೆಯವರ ಮೇಲೆ ಬೀಳುತ್ತದೆ. ಮನೆಯವರು ಅಂದರೆ ಹೆಚ್ಚಿನ ಮನೆಗಳಲ್ಲಿ ಹೆಂಡತಿ, ಅವರಿಗೂ ವಯಸ್ಸಾಗಿರುತ್ತದೆ, ಅವರ ಕೈಬೆರಳಿಗೂ ಸಂಧಿವಾತ ಇರುತ್ತದೆ. ಇದನ್ನು ಪುಸ್ತಿಕೆಯಲ್ಲಿ ಬರೆದಿರುವುದಿಲ್ಲ, ಅಲ್ವಾ?

ಅಪ್ಪನ ವಿಷಯದಲ್ಲಿ ಚಾರ್ಜ್ ಆಗುವುದೇ ಸರಿಯಾಯಿತು. ಅರವತ್ತು ದಾಟಿ ಸ್ವಲ್ಪವೇ ಆಗಿತ್ತು. ಸಕ್ಕರೆ ಕಾಯಿಲೆ ಇದೆ, ಅಂದರೆ ಗಾಯ ಮಾಯುವುದು ನಿಧಾನ. ಪ್ರತಿ ಸಲ ಎದೆ ತೆರೆದಾಗಲೂ ಸೋಂಕಿನ ಭಯ ಇದ್ದೇ ಇರುತ್ತದೆ. ಸೋಂಕು ಹಿಡಿದರೆ ಡಬ್ಬಿಯನ್ನೇ ಹೊರತೆಗೆಯಬೇಕಾಗಬಹುದು. ಬದಲಿಸುವ ಸರದಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಇನ್ನೊಂದು, ಅವರ ಸ್ವಭಾವ. ಜನತಾ ವಾಚಿಗೆ ಮೂವತ್ತು ವರ್ಷ ದಿನಾ ಬೆಳಿಗ್ಗೆ ಕೀ ಕೊಟ್ಟ ಮನುಷ್ಯ. ಇದೂ ಹಾಗೇ, ಇದಕ್ಕೂ ಕೀ ಕೊಡಬೇಕು ಅಂತ ಒಂದೇ ವಾರದಲ್ಲಿ ಒಗ್ಗಿಸಿಕೊಂಡರು.

ಅಪ್ಪನ ಜೊತೆ ಫಿಸಿಯೋಥೆರಪಿಗೆ ಬರುತ್ತಿದ್ದ ಜಯನಗರದ ಒಬ್ಬರು ಆಂಟಿ ಚಾರ್ಜ್ ಬೇಡದ್ದನ್ನು ಆರಿಸಿಕೊಂಡರು. ಎಪ್ಪತ್ನಾಲ್ಕು ವರ್ಷ, ಒಬ್ಬರೇ ಇರುತ್ತಾರೆ. ಮಗ ವಿದೇಶದಲ್ಲಿ. ಕೆಲಸದವಳು ಬೆಳಿಗ್ಗೆ ಬಂದು ಹತ್ತಕ್ಕೆ ಹೋಗುತ್ತಾಳೆ. ಫೋನ್ ಚಾರ್ಜಿಗೆ ಹಾಕುವುದನ್ನೇ ಮರೀತೀನಿ ಕಣಮ್ಮ, ಇದನ್ನೆಲ್ಲಿ ನೆನಪಿಟ್ಕೊಳ್ಲಿ ಅಂದರು. ಮಗ ಮೊದಲು ಹದಿನೈದು ವರ್ಷದ್ದೇ ಹಾಕಿಸೋಣ ಅಂತ ಹಟ ಹಿಡಿದಿದ್ದರಂತೆ. ಅವರು ಒಪ್ಪಲಿಲ್ಲ. ಅವರು ಮಾಡಿದ್ದು ನೂರಕ್ಕೆ ನೂರು ಸರಿ ಅಂತ ನನ್ನ ಅಭಿಪ್ರಾಯ. ಆ ವಯಸ್ಸಿನಲ್ಲಿ ಒಂದೋ ಎರಡೋ ಸಲ ಬದಲಿಸಬೇಕಾಗಬಹುದು, ಅಷ್ಟೇ. ಮಗ ಅದಕ್ಕೆ ರಜೆ ಹಾಕಿ ಬರಬಹುದು. ಪ್ರತಿ ಸಂಜೆ ಬರಲು ಆಗುತ್ತದಾ?

ಇನ್ನು ಡಿಸ್ಟೋನಿಯಾ (ಸ್ನಾಯುಗಳು ತಾವಾಗಿಯೇ ಬಿಗಿದು ಮೈ ತಿರುಚಿಕೊಳ್ಳುವ ಕಾಯಿಲೆ) ಇರುವವರು, ಚಿಕ್ಕ ವಯಸ್ಸಿನವರು. ಡಿಸ್ಟೋನಿಯಾಗೆ ಕರೆಂಟು ಜಾಸ್ತಿ ಬೇಕಾಗುವುದು ಸಾಮಾನ್ಯ. ಚಾರ್ಜ್ ಬೇಡದ ಬ್ಯಾಟರಿ ಅಂಥವರಿಗೆ ಎರಡು ಮೂರು ವರ್ಷಕ್ಕೇ ಮುಗಿಯಬಹುದು. ಇಪ್ಪತ್ತೈದು ವಯಸ್ಸಿನ ಹುಡುಗನಿಗೆ ಎರಡು ಮೂರು ವರ್ಷಕ್ಕೊಮ್ಮೆ ಎದೆ ಕೊಯ್ಯುವುದೆಂದರೆ ಯೋಚಿಸಿ. ಇಲ್ಲಿ ಚಾರ್ಜ್ ಆಗುವುದನ್ನೇ ಕೇಳಿ. ಎಷ್ಟು ಕರೆಂಟು ಬೇಕಾಗುತ್ತದೆ ಅನ್ನುವುದು ಆಪರೇಷನ್ನಿಗೆ ಮೊದಲೇ ಖಚಿತವಾಗಿ ಗೊತ್ತಾಗುವುದಿಲ್ಲ, ಆದರೆ ಡಾಕ್ಟರಿಗೆ ಒಂದು ಅಂದಾಜು ಇರುತ್ತದೆ. ಕೇಳಿದರೆ ಹೇಳುತ್ತಾರೆ.

ತೆಳ್ಳಗಿರುವವರಿಗೆ ಗಾತ್ರವೂ ಮುಖ್ಯ. ಚಾರ್ಜ್ ಆಗುವ ಡಬ್ಬಿ ಚಿಕ್ಕದು. ಒಂದೇ ಕಂಪನಿಯ ಹಳೆಯ ಜೋಡಿ ನೋಡಿ: ಮೆಡ್‌ಟ್ರಾನಿಕ್‌ನ ಚಾರ್ಜ್ ಬೇಡದ ಆಕ್ಟಿವಾ ಪಿಸಿ 67 ಗ್ರಾಂ, ಚಾರ್ಜ್ ಆಗುವ ಆಕ್ಟಿವಾ ಆರ್‌ಸಿ 40 ಗ್ರಾಂ. ಎದೆಯಲ್ಲಿ ಮಾಂಸ ಕಡಿಮೆ ಇದ್ದವರಿಗೆ ಈ ವ್ಯತ್ಯಾಸ ಕಣ್ಣಿಗೂ ಕಾಣುತ್ತದೆ, ಮಗ್ಗುಲಾದಾಗಲೂ ಗೊತ್ತಾಗುತ್ತದೆ.

ದಿನಾ ಸ್ವಲ್ಪವಾ, ವಾರಕ್ಕೊಮ್ಮೆ ಪೂರ್ತಿಯಾ?

ಚಾರ್ಜ್ ಆಗುವುದನ್ನೇ ಆರಿಸಿದಿರಿ ಅಂದುಕೊಳ್ಳಿ. ಈಗ ಇನ್ನೊಂದು ಆಯ್ಕೆ. ದಿನಾ ಸ್ವಲ್ಪ ಹೊತ್ತು ಹಾಕಿಕೊಳ್ಳಬಹುದು, ಇಲ್ಲವೇ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಕೂತು ಪೂರ್ತಿ ಮಾಡಬಹುದು. ಎಷ್ಟು ಹೊತ್ತು ಅನ್ನುವುದು ನಿಮ್ಮ ಯಂತ್ರ ಮತ್ತು ಡಾಕ್ಟರ್ ಇಟ್ಟಿರುವ ಕರೆಂಟಿನ ಮೇಲೆ ನಿಂತಿದೆ. ಕೆಲವರಿಗೆ ದಿನಕ್ಕೆ ಕಾಲು ಗಂಟೆ ಸಾಕು. ವಾರಕ್ಕೊಮ್ಮೆ ಅಂದರೆ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು.

ನಾವು ಎರಡನ್ನೂ ಮಾಡಿ ನೋಡಿದೆವು. ಮೊದಲು ಭಾನುವಾರ ಮಾತ್ರ ಅಂತಿತ್ತು. ಕೇಳಲಿಕ್ಕೆ ಹಗುರ. ಆದರೆ ಭಾನುವಾರವೇ ನೆಂಟರು ಬರುವುದು, ಗೃಹಪ್ರವೇಶ, ನಾಮಕರಣ. ಎರಡು ಗಂಟೆ ಅಲ್ಲಾಡದೆ ಕೂರುವುದು ಪಾರ್ಕಿನ್ಸನ್ಸ್ ಇರುವವರಿಗೆ ಹಿಂಸೆ. ಸೊಂಟ ಹಿಡಿದುಕೊಳ್ಳುತ್ತದೆ, ನಡುವೆ ಬಾತ್‌ರೂಮಿಗೆ ಏಳಬೇಕು, ಎದ್ದರೆ ಕಾಯಿಲ್ ಜಾರುತ್ತದೆ, ಮತ್ತೆ ಬೀಪ್. ಒಂದು ಭಾನುವಾರ ತಪ್ಪಿದರೆ ಸೋಮವಾರದಿಂದಲೇ ಆತಂಕ. ಈಗ ದಿನಾ ಸಂಜೆ ಮಾಡುತ್ತೇವೆ. ಒಂದು ದಿನ ತಪ್ಪಿದರೂ ಚಿಂತೆಯಿಲ್ಲ, ಯಾಕೆಂದರೆ ಬ್ಯಾಟರಿ ಯಾವಾಗಲೂ ಮೇಲ್ಮಟ್ಟದಲ್ಲೇ ಇರುತ್ತದೆ. ಮರೆವು ಶುರುವಾಗುತ್ತಿರುವವರಿಗೂ ದಿನದ ಅಭ್ಯಾಸವೇ ವಾಸಿ. ವಾರದ ಲೆಕ್ಕ ತಪ್ಪುತ್ತದೆ, ದೀಪ ಹಚ್ಚುವ ಹೊತ್ತು ತಪ್ಪುವುದಿಲ್ಲ.

ಇನ್ನೂ ಕೆಲಸಕ್ಕೆ ಹೋಗುವವರಿಗೆ, ಕಡಿಮೆ ಕರೆಂಟಿನಲ್ಲಿರುವವರಿಗೆ ವಾರದ ಪದ್ಧತಿ ಹೊಂದಬಹುದು. ರಾತ್ರಿ ಟ್ರಾಫಿಕ್ಕಿನಲ್ಲಿ ಬಸವಳಿದು ಮನೆಗೆ ಬಂದವರಿಗೆ ದಿನಾ ಇದೊಂದು ಬೇರೆ ಅನ್ನಿಸುತ್ತದೆ. ಅಬಾಟ್ ಕಂಪನಿ ತನ್ನ ಲಿಬರ್ಟಾ ಆರ್‌ಸಿ ಯಂತ್ರಕ್ಕೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹೆಚ್ಚಿನವರಿಗೆ ವರ್ಷಕ್ಕೆ ಹತ್ತು ಸಲ ಚಾರ್ಜ್ ಮಾಡಿದರೆ ಸಾಕು ಅನ್ನುತ್ತದೆ. ಒಳ್ಳೆಯದೇ. ಆದರೆ ಐದು ವಾರಕ್ಕೊಮ್ಮೆ ಬರುವ ಕೆಲಸವನ್ನು ನೆನಪಿಡುವುದು ದಿನದ ಕೆಲಸಕ್ಕಿಂತ ಕಷ್ಟ. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಡಿ, ಮಕ್ಕಳ ಫೋನಿನಲ್ಲೂ ಅಲಾರಂ ಇಡಿಸಿ.

ಚಾರ್ಜರ್ ರೂಪದಲ್ಲೂ ವ್ಯತ್ಯಾಸ ಇದೆ. ಕೆಲವದರಲ್ಲಿ ಕಾಯಿಲ್ ಬೇರೆ, ಚಾರ್ಜರಿನ ಯಂತ್ರ ಬೇರೆ, ನಡುವೆ ವೈರು. ಕೆಲವದು ವೈರಿಲ್ಲದ ಒಂದೇ ತುಂಡು, ಹಾಕಿಕೊಂಡು ಮನೆಯೊಳಗೆ ಓಡಾಡಬಹುದು. ನಡಿಗೆ ತಡವರಿಸುವವರಿಗೆ ವೈರು ಕಾಲಿಗೆ, ಕೈಗೆ ಸಿಕ್ಕಿಕೊಳ್ಳುವುದು ಅಪಾಯ. ವೈರಿಲ್ಲದ್ದು ಸಿಕ್ಕರೆ ಅದನ್ನೇ ಕೇಳಿ.

ಕೂರಿಸುವುದರಲ್ಲಿ ಒಂದು ಹದ ಇದೆ. ಮೊದಮೊದಲು ನಾವು ಗಟ್ಟಿಯಾಗಿ ಒತ್ತುತ್ತಿದ್ದೆವು. ಒತ್ತುವುದರಿಂದ ಏನೂ ಉಪಯೋಗವಿಲ್ಲ, ನೇರಕ್ಕೆ ಇರಬೇಕು ಅಷ್ಟೇ. ಅಮ್ಮ ಒಂದು ಹಳೆಯ ಬನಿಯನ್ ಮೇಲೆ ಉಬ್ಬಿನ ಸುತ್ತ ನೀಲಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದ್ದಾರೆ. ಕನ್ನಡಕ ಇಲ್ಲದಿದ್ದರೂ ಬೆರಳಿಗೆ ಸಿಗುತ್ತದೆ. ಬರಿ ಮೈಮೇಲೆ ಇಡಬೇಡಿ, ತೆಳು ಹತ್ತಿ ಬಟ್ಟೆ ಇರಲಿ. ಚಾರ್ಜ್ ಆಗುವಾಗ ಸ್ವಲ್ಪ ಬೆಚ್ಚಗಾಗುವುದು ಸಹಜ, ಸುಡುವಷ್ಟಾದರೆ ತಕ್ಷಣ ತೆಗೆಯಿರಿ. ಹಾಕಿಕೊಂಡು ನಿದ್ದೆ ಮಾಡಬಾರದು, ಗೊತ್ತಿಲ್ಲದೆ ಚರ್ಮ ಸುಡಬಹುದು. ಕೊರಳ ಸರ ಅಡ್ಡ ಬರುತ್ತಿದ್ದರೆ ಪಕ್ಕಕ್ಕೆ ಸರಿಸಿ.

ಡಾಕ್ಟರ್ ಸೆಟ್ಟಿಂಗ್ ಬದಲಿಸಿದ ವಾರ ಎಚ್ಚರ ಇರಲಿ. ಕರೆಂಟು ಏರಿಸಿದರೆ ಚಾರ್ಜ್ ಬೇಗ ಇಳಿಯುತ್ತದೆ, ಹಳೆಯ ಲೆಕ್ಕ ನಡೆಯುವುದಿಲ್ಲ.

ಚಾರ್ಜ್ ಮುಗಿದರೆ?

ಒಮ್ಮೆ ಹಾಸನದ ಕಡೆ ಮದುವೆಗೆ ಹೋದೆವು. ಎರಡು ದಿನದ್ದು ನಾಲ್ಕು ದಿನವಾಯಿತು. ಆಗ ನಾವಿನ್ನೂ ವಾರದ ಪದ್ಧತಿಯಲ್ಲಿದ್ದೆವು, ಚಾರ್ಜರ್ ಬೆಂಗಳೂರಿನ ಮನೆಯ ಅಲಮಾರಿಯಲ್ಲಿ. ನಾಲ್ಕನೇ ದಿನ ಮಧ್ಯಾಹ್ನ ಪಂಕ್ತಿಯಲ್ಲಿ ಕೂತಿದ್ದಾಗ ಅಪ್ಪನ ಬಲಗೈ ಎಲೆಯ ಮೇಲೆ ಪಟಪಟ ಬಡಿಯಲು ಶುರುವಾಯಿತು. ಸಾರನ್ನ ಹೊರಗೆಲ್ಲ ಚೆಲ್ಲಿತು. ಅಪ್ಪ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸುಮ್ನೆ ಕೂತುಬಿಟ್ಟರು. ಊಟ ಬಿಟ್ಟು ಕಾರು ಹತ್ತಿಸಿದೆವು. ನೆಲಮಂಗಲ ದಾಟುವಷ್ಟರಲ್ಲಿ ಮೈ ಮರದ ಹಾಗೆ ಬಿಗಿದಿತ್ತು. ಮನೆಗೆ ಬಂದು ಚಾರ್ಜರ್ ಹಾಕಿ, ಯಂತ್ರ ಮತ್ತೆ ಆನ್ ಆದ ಮೇಲೆ ಒಂದೊಂದಾಗಿ ಬೆರಳು ಸಡಿಲವಾಯಿತು. ಆ ದಿನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ನಡುಕ ನಿಮಿಷಗಳಲ್ಲೇ ಮರಳಬಹುದು, ಬಿಗಿತ, ನಡಿಗೆಯ ತೊಂದರೆ ಗಂಟೆಗಳಲ್ಲಿ ಏರುತ್ತಾ ಹೋಗುತ್ತದೆ. ತುಂಬಾ ವರ್ಷದಿಂದ ಡಿಬಿಎಸ್ ಮೇಲೆ ಇರುವವರಿಗೆ ಇದ್ದಕ್ಕಿದ್ದಂತೆ ನಿಂತರೆ, ವಿರಳವಾಗಿಯಾದರೂ, ವಿಪರೀತ ಬಿಗಿತ, ಜ್ವರ, ಜೀವಕ್ಕೇ ಅಪಾಯ ಆಗಬಹುದು. ಡಿಸ್ಟೋನಿಯಾದಲ್ಲೂ ಅಷ್ಟೇ. ಮನೆಯಲ್ಲಿ ಚಾರ್ಜ್ ಹಿಡಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪಾರ್ಕಿನ್ಸನ್ಸ್‌ಗೆ ಕೊಟ್ಟಿರುವ ಸಿಂಡೋಪಾ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಪೂರ್ತಿ ಬರಿದಾದ ಬ್ಯಾಟರಿಯನ್ನು ಕೆಲವು ಮಾದರಿಗಳಲ್ಲಿ ಆಸ್ಪತ್ರೆಯವರೇ ವಿಶೇಷ ಕ್ರಮದಲ್ಲಿ ಎಬ್ಬಿಸಬೇಕಾಗುತ್ತದೆ.

ಚಾರ್ಜ್ ಬೇಡದ್ದರಲ್ಲಿ ಈ ಗಂಡಾಂತರ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿ ಅದು ಒಂದೇ ಸಲ, ಕೊನೆಯಲ್ಲಿ ಬರುತ್ತದೆ. ಬದಲಿಸುವ ಸಮಯ ಹತ್ತಿರ ಬಂದಾಗ ರೋಗಿಯ ರಿಮೋಟ್ ಸೂಚನೆ ತೋರಿಸುತ್ತದೆ. ಸೂಚನೆ ಬಂದ ಮೇಲೆ ಹಬ್ಬ ಆಗಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ತಳ್ಳುವ ಹಾಗಿಲ್ಲ. ಹಣ, ಇನ್ಶೂರೆನ್ಸ್ ಒಪ್ಪಿಗೆ, ಆಪರೇಷನ್ ತಾರೀಖು ಎಲ್ಲ ಹೊಂದಿಸಲು ವಾರಗಳೇ ಬೇಕು. ಜಯನಗರದ ಆಂಟಿಗೆ ನಾನು ಹೇಳಿದ್ದು ಇಷ್ಟೇ: ಪ್ರತಿ ತಿಂಗಳು ಪೆನ್ಷನ್ ಬಂದ ದಿನ ರಿಮೋಟ್‌ನಲ್ಲಿ ಬ್ಯಾಟರಿ ನೋಡಿ, ಡೈರಿಯಲ್ಲಿ ಬರೆಯಿರಿ.

ಬೆಸ್ಕಾಂ ಕರೆಂಟ್ ಹೋದರೆ ಏನು ಗತಿ ಅಂತ ಎಲ್ಲರೂ ಕೇಳುತ್ತಾರೆ. ಅಪ್ಪನ ಚಾರ್ಜರ್‌ಗೆ ಅದರದ್ದೇ ಬ್ಯಾಟರಿ ಇದೆ. ಅದನ್ನು ಮೊದಲು ತುಂಬಿಸಿಟ್ಟಿದ್ದರೆ ಕತ್ತಲಲ್ಲೂ ಕೆಲಸ ನಡೆಯುತ್ತದೆ. ನಾವು ಬೆಳಿಗ್ಗೆಯೇ ಅದನ್ನು ಚಾರ್ಜಿಗೆ ಹಾಕುತ್ತೇವೆ, ಸಂಜೆಯ ಮಳೆಗೆ ಕರೆಂಟು ಹೋಗುವ ಮೊದಲು.

ದುಡ್ಡು

ಮೊದಲ ಸಲಕ್ಕೆ ಚಾರ್ಜ್ ಆಗುವುದು ದುಬಾರಿ. ಚಾರ್ಜ್ ಬೇಡದ್ದು ಆಗ ಅಗ್ಗ, ಆದರೆ ಪ್ರತಿ ಬದಲಾವಣೆಗೂ ಹೊಸ ಡಬ್ಬಿಯ ಬೆಲೆ, ಆಪರೇಷನ್ ಖರ್ಚು ಎರಡೂ ಮತ್ತೆ. ಆಸ್ಪತ್ರೆಯಿಂದ ಮೂರು ಸಂಖ್ಯೆ ಕಾಗದದ ಮೇಲೆ ಬರೆಸಿಕೊಳ್ಳಿ: ಈಗಿನ ಖರ್ಚು, ಬದಲಿಸುವಾಗಿನ ಖರ್ಚು, ಚಾರ್ಜರ್ ಕಳೆದರೆ ಅಥವಾ ಕೆಟ್ಟರೆ ಹೊಸದರ ಖರ್ಚು. ಮೂರನೆಯದನ್ನು ನಾವು ಕೇಳಿರಲಿಲ್ಲ. ನೀವು ಕೇಳಿ.

ಇನ್ಶೂರೆನ್ಸ್ ಇದ್ದರೆ ಒಂದು ವಿಷಯ ನೆನಪಿಡಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಇತ್ತು, ಅದರಲ್ಲಿ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಹೆಸರೂ ಇತ್ತು. ಆದರೆ ಪಾಲಿಸಿಯಲ್ಲಿ ಮಿತಿ ಇಡಲು ಅವಕಾಶವೂ ಇತ್ತು. ಮಿತಿ ಎಷ್ಟು, ಮುಂದೆ ಬ್ಯಾಟರಿ ಬದಲಿಸುವಾಗಲೂ ಕೊಡುತ್ತಾರಾ, ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಯಾವ ಕಂಪನಿ?

ಇದರ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ ಅಂತಲೇ ನನ್ನ ಸಲಹೆ. ದೊಡ್ಡ ಹೆಸರುಗಳು ಮೂರು: ಮೆಡ್‌ಟ್ರಾನಿಕ್, ಬಾಸ್ಟನ್ ಸೈಂಟಿಫಿಕ್, ಅಬಾಟ್. ಮೂರರಲ್ಲೂ ಎರಡೂ ಜಾತಿ ಇವೆ. ಮೆಡ್‌ಟ್ರಾನಿಕ್‌ನ ಪರ್ಸೆಪ್ಟ್ ಪಿಸಿಗೆ ಚಾರ್ಜ್ ಬೇಡ, ಪರ್ಸೆಪ್ಟ್ ಆರ್‌ಸಿಗೆ ಬೇಕು. ಬಾಸ್ಟನ್‌ನ ವರ್ಸೈಸ್ ಪಿಸಿಗೆ ಬೇಡ, ವರ್ಸೈಸ್ ಗೆವಿಯಾಗೆ ಬೇಕು. ಅಬಾಟ್‌ನ ಇನ್ಫಿನಿಟಿಗೆ ಬೇಡ, ಲಿಬರ್ಟಾಗೆ ಬೇಕು. ಪರ್ಸೆಪ್ಟ್ ಆರ್‌ಸಿ ಮತ್ತು ಲಿಬರ್ಟಾ ಎರಡಕ್ಕೂ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ತಂತಿ ಯಾವುದು, ಮೆದುಳಿನ ಸಂಕೇತ ಓದುವ ಸೌಲಭ್ಯ ಬೇಕಾ ಅನ್ನುವುದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ. ಆಮೇಲೆ ತೊಂದರೆ ಬಂದಾಗ ಬೆಂಗಳೂರಿನಲ್ಲೇ ಬಂದು ನೋಡುವ ಕಂಪನಿಯ ತಂತ್ರಜ್ಞರು ಇದ್ದಾರಾ, ಅದನ್ನು ನೀವು ವಿಚಾರಿಸಿ.

ಯಾವುದೇ ಇರಲಿ, ಎರಡು ಎಚ್ಚರಿಕೆ ಸಮಾನ. ನಮ್ಮ ಮೆಟ್ರೋ ಸ್ಟೇಷನ್ನಿನ ಗೇಟು, ವಿಮಾನ ನಿಲ್ದಾಣದ ಗೇಟು ಬಂದಾಗ ಯಂತ್ರದ ಕಾರ್ಡ್ ತೋರಿಸಿ ಕೈಯಿಂದ ತಪಾಸಣೆ ಮಾಡಲು ಕೇಳಿ. ಫಿಸಿಯೋಥೆರಪಿಯಲ್ಲಿ ಮಂಡಿನೋವಿಗೆ ಡಯಾಥರ್ಮಿ (ವಿದ್ಯುತ್ ಅಲೆಗಳಿಂದ ಒಳಗೆ ಬಿಸಿ ಕೊಡುವ ಚಿಕಿತ್ಸೆ) ಕೊಡುತ್ತೇವೆ ಅಂದರೆ ಖಂಡಿತ ಬೇಡ ಅನ್ನಿ. ತಂತಿ ಬಿಸಿಯಾಗಿ ಮೆದುಳಿಗೆ ಪೆಟ್ಟಾಗುತ್ತದೆ.

ಆಪರೇಷನ್ನಿಗೆ ಮೊದಲು ಸರ್ಜನ್ ಹತ್ತಿರ

ಚಾರ್ಜರ್ ಒಂದನ್ನು ಕೈಗೆ ಕೊಡಿಸಿ. ಯಾರು ಚಾರ್ಜ್ ಹಾಕುತ್ತಾರೋ ಅವರೇ ಅದನ್ನು ಎತ್ತಿ, ಪಟ್ಟಿಗೆ ಸೇರಿಸಿ, ಕೊರಳಿಗೆ ಹಾಕಿ ನೋಡಲಿ. ಐದು ನಿಮಿಷ ಸಾಕು. ಆ ಐದು ನಿಮಿಷದಲ್ಲಿ ಅವರ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಚಾರ್ಜ್ ಆಗುವುದಾದರೆ ಡಬ್ಬಿ ತುಂಬಾ ಆಳಕ್ಕೆ ಹೋಗಬಾರದು. ಎಷ್ಟು ಆಳ ಅನ್ನುವುದು ಮಾದರಿಯ ಮೇಲೆ ನಿಂತಿದೆ; ಓರೆಯಾಗದ ಹಾಗೆ, ಮಗುಚದ ಹಾಗೆ ಹೊಲಿದಿರಬೇಕು. ಮೈ ತುಂಬಿಕೊಂಡವರು ಇದನ್ನು ತಪ್ಪದೆ ಕೇಳಿ. ಗಾಯದ ಊತ ಇಳಿಯುವವರೆಗೆ ಕಾಯಿಲ್ ಸರಿಯಾಗಿ ಹಿಡಿಯದಿದ್ದರೆ ಗಾಬರಿ ಬೇಡ.

ಎಡವೋ ಬಲವೋ ಅನ್ನುವುದನ್ನೂ ಮಾತಾಡಿ. ಯಾವ ಕೈ ಚೆನ್ನಾಗಿದೆ, ಅದು ಸಲೀಸಾಗಿ ಯಾವ ಕಡೆ ತಲುಪುತ್ತದೆ ನೋಡಿ. ಸೀರೆ ಉಡುವವರಿಗೆ ಸೆರಗಿನ ಪಿನ್ನು ಎಡ ಹೆಗಲಲ್ಲಿ. ಕಾರು ಓಡಿಸುವವರಿಗೆ ಸೀಟ್ ಬೆಲ್ಟ್ ಬಲ ಹೆಗಲ ಮೇಲಿಂದ ಬಂದು ಉಬ್ಬಿನ ಮೇಲೇ ಒತ್ತುತ್ತದೆ. ಅಪ್ಪ ಈಗ ಓಡಿಸುವುದಿಲ್ಲ, ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಅಲ್ಲಿ ಬೆಲ್ಟ್ ಬರುವುದು ಎಡ ಹೆಗಲ ಮೇಲಿಂದ. ಅದಕ್ಕೇ ಬಲಗಡೆ ಇಡಿಸಿದೆವು.